ಪಿಯು ಕ್ಲಾಸಿನಲ್ಲಿ ಐದು ನಿಮಿಷ ಸುಮ್ನೆ ಕೂರುವುದು: ಕಡ್ಡಾಯ ಮಾಡಬೇಕಾ?

ಕೆಮಿಸ್ಟ್ರಿ_ಮೇಡಂ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಊರೊಂದರ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಪ್ರಥಮ ಪಿಯು ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿಸುತ್ತಿದ್ದೆ. ಒಬ್ಬ ಹುಡುಗಿಯ ಕೈ ಕಣ್ಣಿಗೆ ಬಿತ್ತು. ಬ್ಯೂರೆಟ್ಟಿನ (ದ್ರಾವಣ ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ತಿರುಪು ಹಿಡಿದ ಬೆರಳು ನಡುಗುತ್ತಿತ್ತು. ಕೊನೆಕೊನೆಗೆ ಒಂದೊಂದೇ ಹನಿ ಬಿಡಬೇಕು, ತಿಳಿ ಗುಲಾಬಿ ಬಣ್ಣ ಬಂದ ತಕ್ಷಣ ನಿಲ್ಲಿಸಬೇಕು. ಅವಳಿಗೆ ಆಗುತ್ತಲೇ ಇರಲಿಲ್ಲ. ಮೂರು ಸಲವೂ ಫ್ಲಾಸ್ಕು ಕಡುಗುಲಾಬಿ ಆಯಿತು. ಮೂರನೇ ಸಲ ಅವಳು ಫ್ಲಾಸ್ಕನ್ನೇ ನೋಡುತ್ತ ನಿಂತುಬಿಟ್ಟಳು.

"ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯಮ್ಮ?" ಎಂದು ಕೇಳಿದೆ.

"ಒಂದೂವರೆ ಆಗುತ್ತೆ ಮೇಡಂ. ಐದಕ್ಕೆ ಏಳ್ಬೇಕು, ಟ್ಯೂಷನ್ನಿಗೆ ಬಸ್ಸಿದೆ."

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ತೊಂಬತ್ತರ ಮೇಲೆ ಪರ್ಸೆಂಟ್ ತೆಗೆದವಳು. ಈಗ ಎಲ್ಲವೂ ಇಂಗ್ಲಿಷು. ಒಂದು ಪುಟ ಓದಲು ಒಂದು ಗಂಟೆ ಹಿಡಿಯುತ್ತದೆ, ಹೇಳಿಕೊಳ್ಳಲು ನಾಚಿಕೆ.

ಅವತ್ತಿನಿಂದ ಊಟದ ಬಿಡುವಿನ ನಂತರದ ನನ್ನ ಪಿರಿಯಡ್ಡಿನಲ್ಲಿ ಐದು ನಿಮಿಷ ಎತ್ತಿಟ್ಟೆ. ಎಲ್ಲರೂ ಸುಮ್ಮನೆ ಕೂರುವುದು. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸುವುದು. ಮೊದಲ ಎರಡು ವಾರ ಬರೀ ಕಿಸಿಕಿಸಿ ನಗು. ಆಮೇಲೆ ನಿಧಾನಕ್ಕೆ ಫ್ಯಾನಿನ ಸದ್ದು ಕೇಳಿಸುವಷ್ಟು ಸದ್ದಡಗಿತು. ದೀಪಾವಳಿ ರಜೆ ಮುಗಿಸಿ ಬಂದ ದಿನ ನಾನೇ ಮರೆತು ಬೋರ್ಡಿನ ಕಡೆ ತಿರುಗಿದ್ದೆ. "ಮೇಡಂ, ಐದು ನಿಮಿಷ?" ಎಂದು ಹಿಂದಿನ ಬೆಂಚಿನವರೇ ನೆನಪಿಸಿದರು. ಅವತ್ತಿನ ಖುಷಿ ನನಗೆ ಇನ್ನೂ ನೆನಪಿದೆ.

ಆದರೆ ಒಂದು ತಪ್ಪು ಮಾಡಿದೆ. ಎಲ್ಲರೂ ಕಣ್ಣು ಮುಚ್ಚಲೇಬೇಕು ಎಂದು ಹಟ ಹಿಡಿದಿದ್ದೆ. ಜನವರಿಯಲ್ಲಿ ಒಂದು ದಿನ ಒಬ್ಬ ಹುಡುಗ ನಡುವೆ ಎದ್ದು ಹೊರಗೆ ಓಡಿದ. ವರಾಂಡದಲ್ಲಿ ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತಿದ್ದ. ಅವನ ಅಪ್ಪ ಅದರ ಹಿಂದಿನ ವರ್ಷ ಐಸಿಯುನಲ್ಲಿ ಹನ್ನೆರಡು ದಿನ ಇದ್ದು ತೀರಿಕೊಂಡಿದ್ದರಂತೆ. ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಉಸಿರು ಗಮನಿಸಿದರೆ ಅವನಿಗೆ ಆ ಐಸಿಯು ಮಷೀನಿನ ಸದ್ದೇ ಕೇಳಿಸುತ್ತಿತ್ತು. ಆರು ತಿಂಗಳು ದಿನಾ ಅದನ್ನು ತಡೆದುಕೊಂಡು ಕೂತಿದ್ದಾನೆ ಮಗು, ನನಗೆ ಬೇಜಾರಾಗಬಾರದು ಅಂತ.

ಈಗ ನಮ್ಮ ಪ್ರಿನ್ಸಿಪಾಲರು ಈ ವರ್ಷ ಎಲ್ಲ ಸೆಕ್ಷನ್ನಿಗೂ ಇದನ್ನು ತರಬೇಕು ಎನ್ನುತ್ತಿದ್ದಾರೆ. ಬೆಳಗ್ಗೆ ಪ್ರಾರ್ಥನೆ ಆದ ಮೇಲೆ ಇಪ್ಪತ್ತು ನಿಮಿಷ, ಕಡ್ಡಾಯ, ಅಟೆಂಡೆನ್ಸ್ ಸಮೇತ. ಅವರ ಉದ್ದೇಶ ಒಳ್ಳೆಯದೇ. ಆದರೂ ನನಗೆ ಹೆದರಿಕೆ. ನಿಮ್ಮ ಅನುಭವ ಹೇಳಿ.

ಮೈಸೂರಿನ_ಸಮಾಲೋಚಕಿ

ಮೇಡಂ, ಆ ಹುಡುಗನ ವಿಷಯ ಮರೆಮಾಚದೆ ಬರೆದಿರಿ. ಅದಕ್ಕೆ ಮೊದಲು ಥ್ಯಾಂಕ್ಸ್. ನಾನು ಆಪ್ತ ಸಮಾಲೋಚಕಿ, ಕಾಲೇಜು ಮಕ್ಕಳ ಜೊತೆ ಕೆಲಸ ಮಾಡುತ್ತೇನೆ.

ಈ ಕ್ಷಣದ ಉಸಿರು, ಮೈ, ಮನಸ್ಸನ್ನು ಸುಮ್ಮನೆ ಗಮನಿಸುವುದಕ್ಕೆ ಇವತ್ತು ಮೈಂಡ್‌ಫುಲ್‌ನೆಸ್ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದು ಆಸ್ಪತ್ರೆ ಹೊಕ್ಕ ಕಥೆ ತಿಳಿದರೆ ನಿಮ್ಮ ಹೆದರಿಕೆಗೆ ಅರ್ಥ ಇದೆ ಅಂತ ಗೊತ್ತಾಗುತ್ತದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಎಂಬುವರು ಇದನ್ನು ಒಂದು ಕೋರ್ಸಾಗಿ ಶುರು ಮಾಡಿದರು. ಯಾರಿಗೆ? ವರ್ಷಗಟ್ಟಲೆ ನೋವು ತಿಂದು, ಔಷಧಿಯಿಂದ ಪೂರ್ತಿ ಗುಣ ಆಗದ ದೊಡ್ಡವರಿಗೆ. ವಾರಗಟ್ಟಲೆ ನಡೆಯುವ ತರಗತಿ. ಕಲಿಸುವವರಿಗೆ ತರಬೇತಿ ಇರುತ್ತಿತ್ತು. ಬಂದವರಲ್ಲಿ ಯಾರಿಗೆ ಏನು ತೊಂದರೆ ಅಂತ ಗೊತ್ತಿರುತ್ತಿತ್ತು. ಅರವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಅಟೆಂಡೆನ್ಸ್ ಹಾಕುವುದಕ್ಕೂ ಅದಕ್ಕೂ ಬಹಳ ದೂರ.

ದುಃಖದ ಅಥವಾ ಹೆದರಿಕೆಯ ನೆನಪು ಇರುವ ಮಕ್ಕಳಿಗೆ ಕಣ್ಣು ಮುಚ್ಚುವುದೇ ಕಷ್ಟ. ಕೆಲವರಿಗೆ ಉಸಿರಿನ ಕಡೆ ಗಮನ ಕೊಡುವುದೂ ಕಷ್ಟ. ಉಸಿರು ಕಟ್ಟಿದಂತೆ ಆಗಿ ಗಾಬರಿ ಇನ್ನೂ ಜಾಸ್ತಿ ಆಗುತ್ತದೆ. ಅಂಥವರಿಗೆ ಕಣ್ಣು ತೆರೆದಿಟ್ಟು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸು ಎನ್ನಿ. ಅಥವಾ ಹೊರಗಿನ ಸದ್ದು ಕೇಳಿಸಿಕೊ ಎನ್ನಿ. ಬೆಂಚಿನ ಮರದ ಮೇಲೆ ಅಂಗೈ ಇಟ್ಟು ಅದು ತಣ್ಣಗಿದೆಯಾ ಬೆಚ್ಚಗಿದೆಯಾ ನೋಡು ಎಂದರೂ ಸಾಕು. ಬೇಡ ಅನ್ನುವವನು ಪುಸ್ತಕ ತೆರೆದು ಕೂರಲಿ, ಅಥವಾ ನೀರು ಕುಡಿದು ಬರಲಿ. ಹೊರಗೆ ಹೋಗುವ ಬಾಗಿಲು ಸದಾ ತೆರೆದಿರಬೇಕು.

ನಿವೃತ್ತ_ಮೇಷ್ಟ್ರು

ಮೂವತ್ತು ವರ್ಷದಿಂದ ವಿಪಶ್ಯನ ಧ್ಯಾನ ಮಾಡುತ್ತಿದ್ದೇನೆ. ಸಮಾಲೋಚಕಿ ತಾಯಿ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಈ ಅಭ್ಯಾಸದ ಬೇರು ನಮ್ಮಲ್ಲೇ ಇದೆ. ಬುದ್ಧ ಹೇಳಿದ ಆನಾಪಾನಸತಿ. ಆನ ಅಂದರೆ ಒಳಗೆ ಬರುವ ಉಸಿರು, ಅಪಾನ ಅಂದರೆ ಹೊರಗೆ ಹೋಗುವ ಉಸಿರು, ಸತಿ ಅಂದರೆ ಅದರ ಮೇಲಿನ ಅರಿವು. ಸತ್ಯನಾರಾಯಣ ಗೋಯೆಂಕಾ ಅವರು ಬರ್ಮಾದಲ್ಲಿ ಗುರುಗಳಿಂದ ಕಲಿತು 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಹತ್ತು ದಿನದ ಶಿಬಿರ ದೊಡ್ಡವರಿಗೆ. ಮಕ್ಕಳಿಗೆ ಬೇರೆಯೇ ಚಿಕ್ಕ ಆನಾಪಾನ ಶಿಬಿರ ಇದೆ. ಅದರಲ್ಲಿ ಒಂದಿಷ್ಟು ಹೊತ್ತು ಕೂತರೆ ಆಮೇಲೆ ಆಟ, ಕಥೆ.

ಉಸಿರನ್ನು ಹಿಡಿಯುವುದು, ಎಣಿಸುವುದು ಇದರಲ್ಲಿಲ್ಲ. ಅದು ಪ್ರಾಣಾಯಾಮ, ಅದರ ದಾರಿ ಬೇರೆ. ಇಲ್ಲಿ ಇರುವ ಉಸಿರನ್ನು ಇದ್ದ ಹಾಗೇ ನೋಡುವುದು ಅಷ್ಟೇ.

ಮೈಂಡ್‌ಫುಲ್‌ನೆಸ್ ಎಂದರೆ ನನ್ನ ಮೊಮ್ಮಗಳಿಗೆ ಅರ್ಥ ಆಗಲಿಲ್ಲ. ಸಾವಧಾನ ಎಂದೆ, ಅದೂ ಆಗಲಿಲ್ಲ. "ಒಲೆ ಮೇಲೆ ಹಾಲಿದೆ, ನಿಗಾ ಇರಲಿ ಅಂತ ಅಜ್ಜಿ ಹೇಳ್ತಾಳಲ್ಲ, ಆ ನಿಗಾ" ಎಂದೆ. ತಕ್ಷಣ ಅರ್ಥವಾಯಿತು. ಹಾಲು ಕಾಯುವಾಗ ನಾವು ಹಾಲನ್ನು ಬೈಯುವುದಿಲ್ಲ. ಬೇಗ ಉಕ್ಕು ಎಂದು ಅವಸರ ಮಾಡುವುದಿಲ್ಲ. ಬಿಟ್ಟೂ ಹೋಗುವುದಿಲ್ಲ. ಮನಸ್ಸಿನ ಮೇಲೂ ಅಂಥದ್ದೇ ನಿಗಾ.

ಕೆಮಿಸ್ಟ್ರಿ_ಮೇಡಂ

ಮೇಷ್ಟ್ರೇ, "ನಿಗಾ" ಎಷ್ಟು ಚೆನ್ನಾಗಿದೆ! ನಾಳೆಯಿಂದ ಕ್ಲಾಸಿನಲ್ಲಿ ಇದೇ ಪದ.

ದಾವಣಗೆರೆ_ಅಮ್ಮ

ಕ್ಷಮಿಸಿ, ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು. ನನ್ನ ಮಗ ಬೇರೆ ಜಿಲ್ಲೆಯ ಒಂದು ಹಾಸ್ಟೆಲ್ ಕಾಲೇಜಿನಲ್ಲಿದ್ದ. ನೀಟ್, ಸಿಇಟಿ ಎಲ್ಲ ಒಟ್ಟಿಗೆ ಓದಿಸುವ ಕಡೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಸ್ಟಡಿ ಅವರ್. ರಾತ್ರಿ ಹನ್ನೊಂದಕ್ಕೆ ಲೈಟ್ ಆಫ್. ನಡುವೆ ಹತ್ತು ನಿಮಿಷ ಧ್ಯಾನ. ಪೇರೆಂಟ್ಸ್ ಮೀಟಿಂಗಿನಲ್ಲಿ ಆ ಹತ್ತು ನಿಮಿಷದ ಫೋಟೋ ದೊಡ್ಡದಾಗಿ ತೋರಿಸಿದರು. ಮಕ್ಕಳ ಮಾನಸಿಕ ಆರೋಗ್ಯ ನೋಡಿಕೊಳ್ಳುತ್ತೇವೆ ಅಂತ. ನಾವೂ ನಂಬಿದೆವು.

ಭಾನುವಾರ ಹತ್ತು ನಿಮಿಷ ಫೋನ್ ಕೊಡುತ್ತಿದ್ದರು. ಪ್ರತಿ ಸಲ "ಚೆನ್ನಾಗಿದ್ದೀನಿ ಅಮ್ಮ" ಅಂತಿದ್ದ. ಅದೇ ಮಾತು, ಅದೇ ದನಿ. ಒಂದು ಭಾನುವಾರ "ಊಟ ಏನಿತ್ತೋ?" ಅಂದೆ. ಸುಮ್ಮನಾದ. ಆಮೇಲೆ "ನೆನಪಿಲ್ಲ" ಅಂದ. ಅರ್ಧ ಗಂಟೆ ಮೊದಲು ಉಂಡಿದ್ದು ನೆನಪಿಲ್ಲ. ಆ ರಾತ್ರಿಯೇ ಬಸ್ಸು ಹತ್ತಿದೆ.

ಮನೆಗೆ ಕರೆದುಕೊಂಡು ಬಂದ ಮೇಲೆ ಎರಡು ದಿನ ಬರೀ ನಿದ್ದೆ ಮಾಡಿದ. ಮೂರನೇ ದಿನ ಎದ್ದು ಬಂದು ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತ. ಹಂಚಿನಿಂದ ತೆಗೆದ ರೊಟ್ಟಿಗೆ ಬೆಣ್ಣೆ ಹಚ್ಚಿ ಒಂದೊಂದೇ ತುತ್ತು ತಿಂದ. ಆಮೇಲೆ ಅತ್ತ. ಡಾಕ್ಟರು ನೋಡಿ ಖಿನ್ನತೆ ಎಂದರು. ಈಗ ಇಲ್ಲೇ ಊರಲ್ಲಿ ಓದುತ್ತಿದ್ದಾನೆ, ಗುಣವಾಗಿದ್ದಾನೆ.

ಮಕ್ಕಳ ನಿದ್ದೆ, ಆಟ, ಮನೆ ಎಲ್ಲ ಕಿತ್ತುಕೊಂಡು ಹತ್ತು ನಿಮಿಷ ಉಸಿರು ನೋಡಿ ಅಂದರೆ ಏನು ಪ್ರಯೋಜನ? ಮೇಡಂ, ನೀವು ಒಳ್ಳೆಯವರು ಅಂತ ಗೊತ್ತಾಗುತ್ತದೆ. ಆದರೆ ಆ ಹುಡುಗಿ ಮೂರೂವರೆ ಗಂಟೆ ನಿದ್ದೆ ಮಾಡುತ್ತಿದ್ದಳಲ್ಲ, ಅದಕ್ಕೆ ಏನು ಮಾಡಿದಿರಿ?

ಇಂಗ್ಲೆಂಡಿನಿಂದ_ಕನ್ನಡಿಗ

ಅಮ್ಮನ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು. ನಾನಿರುವ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದ್ದಾರೆ, ಹೇಳುತ್ತೇನೆ.

ಮಿರಿಯಡ್ ಎಂಬ ಅಧ್ಯಯನ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರ ಮುಂದಾಳತ್ವ. 80ಕ್ಕೂ ಹೆಚ್ಚು ಶಾಲೆ, 8,000ಕ್ಕೂ ಹೆಚ್ಚು ಮಕ್ಕಳು, ವಯಸ್ಸು 11ರಿಂದ 14. ಅರ್ಧ ಶಾಲೆಗಳಲ್ಲಿ ಟೀಚರುಗಳಿಗೆ ತರಬೇತಿ ಕೊಟ್ಟು ಮೈಂಡ್‌ಫುಲ್‌ನೆಸ್ ಪಾಠ ಮಾಡಿಸಿದರು. ಉಳಿದ ಅರ್ಧದಲ್ಲಿ ಮೊದಲಿಂದ ಇದ್ದ ಪಾಠವೇ ಮುಂದುವರಿಯಿತು. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಎರಡಕ್ಕೂ ವ್ಯತ್ಯಾಸ ಇರಲಿಲ್ಲ. ಬಹಳ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮನಸ್ಸು ಕುಗ್ಗುವ ಅಪಾಯ ಇದ್ದ ಮಕ್ಕಳಿಗೆ ಇದು ಹೊಂದದೆ ಇರಬಹುದು ಎಂಬ ಸೂಚನೆಯೂ ಸಿಕ್ಕಿತು. ಮೇಡಂ ಕ್ಲಾಸಿನ ಆ ಹುಡುಗ ನೆನಪಾದ. ಇನ್ನೊಂದು ವಿಷಯ: ಕಲಿಸಿದ ಟೀಚರುಗಳ ದಣಿವು ಮಾತ್ರ ಕಡಿಮೆಯಾಗಿತ್ತು, ಸ್ವಲ್ಪ ಕಾಲಕ್ಕಾದರೂ.

ಹಾಗಂತ ಇದು ದಂಡ ಎನ್ನಬೇಡಿ. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ಪ್ರಕಟವಾಯಿತು. 616 ವಿದ್ಯಾರ್ಥಿಗಳು. ಒಂದು ಗುಂಪಿಗೆ ಎಂಟು ವಾರದ ಕೋರ್ಸ್, ಇನ್ನೊಂದಕ್ಕೆ ಇಲ್ಲ. ಎರಡೂ ಗುಂಪಿಗೆ ವಿಶ್ವವಿದ್ಯಾಲಯದ ಸಮಾಲೋಚನೆ ಸೇವೆ ಮಾಮೂಲಿನಂತೆ ಇತ್ತು. ಪರೀಕ್ಷೆ ಹೊತ್ತಿಗೆ ಕೋರ್ಸ್ ಮಾಡಿದವರ ಒತ್ತಡ ಸ್ಪಷ್ಟವಾಗಿ ಕಡಿಮೆ ಇತ್ತು.

ನನ್ನ ಮಟ್ಟಿಗೆ ವ್ಯತ್ಯಾಸ ಇಲ್ಲಿದೆ. ಕೇಂಬ್ರಿಡ್ಜಿನವರು ದೊಡ್ಡವರು, ತಾವಾಗಿ ಹೆಸರು ಕೊಟ್ಟು ಬಂದವರು. ಕಷ್ಟ ಅನ್ನಿಸಿದರೆ ಹೋಗಿ ಮಾತಾಡಲು ಒಬ್ಬರು ಇದ್ದರು. ಶಾಲೆ ಮಕ್ಕಳಿಗೆ ಅದು ಟೈಮ್ ಟೇಬಲ್ಲಿನಲ್ಲಿ ಬಂದ ಇನ್ನೊಂದು ಪಿರಿಯಡ್ಡು. ನಿಮ್ಮ ಪ್ರಿನ್ಸಿಪಾಲರಿಗೆ ಇದನ್ನು ಹೇಳಿ ನೋಡಿ.

ಸೆಕೆಂಡ್_ಪಿಯು_ಹುಡುಗಿ

ನಮ್ಮನ್ನ ಯಾರೂ ಕೇಳಲ್ಲ ಅದಕ್ಕೇ ಬರೀತಿದ್ದೀನಿ. ನಾನು ಈ ಮೇಡಂ ಸ್ಟೂಡೆಂಟ್ ಅಲ್ಲ, ಬೇರೆ ಊರು. ನಮ್ಮ ಕಾಲೇಜಲ್ಲೂ ವಾರಕ್ಕೆ ಮೂರು ದಿನ ಕೂರಿಸ್ತಾರೆ. ನನಗೆ ಇಷ್ಟ. ಮನಸ್ಸು ಶಾಂತ ಆಗುತ್ತೆ ಅಂತ ಅಲ್ಲ. ಆ ಹೊತ್ತಲ್ಲಿ ಯಾರೂ ನನ್ನನ್ನ ಏನೂ ಕೇಳಲ್ಲ. ಮಾರ್ಕ್ಸ್ ಎಷ್ಟು, ಮುಂದೇನು, ಅಣ್ಣ ಏನ್ ಓದ್ತಿದ್ದಾನೆ. ಯಾವುದೂ ಇಲ್ಲ. ಇಡೀ ದಿನದಲ್ಲಿ ಅದೊಂದೇ ಟೈಮು ಹಾಗೆ.

ನನ್ನ ಫ್ರೆಂಡಿಗೆ ಇಷ್ಟ ಇಲ್ಲ. ಬೇಡ ಅಂದ್ರೂ ಮಾಡಲೇಬೇಕು ಅಂದ್ರೆ ಅದೂ ಒಂದು ಸಬ್ಜೆಕ್ಟೇ ಅಲ್ವಾ?

ಇನ್ನೊಂದು. ಬೋರ್ಡ್ ಪರೀಕ್ಷೆ 2024ರಲ್ಲೂ 2025ರಲ್ಲೂ ವರ್ಷಕ್ಕೆ ಮೂರು ಸಲ ಬರೀಬಹುದಿತ್ತು, ಈಗ ಎರಡು ಸಲ. ಮೂರು ಇದ್ದಾಗ ನಮ್ಮ ಫಿಸಿಕ್ಸ್ ಸರ್ ಒಂದು ದಿನ ಬೋರ್ಡ್ ಮೇಲೆ ಅದನ್ನ ಬರೆದು "ಒಂದು ಹೋದ್ರೆ ಇನ್ನೆರಡಿದೆ ಮಕ್ಕಳೇ" ಅಂದ್ರು. ಅವತ್ತು ನನಗೆ ಆದಷ್ಟು ಸಮಾಧಾನ ಯಾವ ಧ್ಯಾನದಲ್ಲೂ ಆಗಿಲ್ಲ. ಮೊದಲೇ ಯಾಕೆ ಯಾರೂ ಹೇಳಲಿಲ್ಲ?

ತುಮಕೂರು_ಅಬ್ಬಾ

ಒಂದು ಸಣ್ಣ ವಿಷಯ, ಆದರೆ ನಮಗೆ ದೊಡ್ಡದು. ನನ್ನ ಮಗಳ ಕಾಲೇಜಿನಲ್ಲಿ ಧ್ಯಾನ ಅಂತ ಓಂಕಾರದ ಆಡಿಯೋ ಹಾಕುತ್ತಿದ್ದರು. ಅವಳು ಯಾರಿಗೂ ಏನೂ ಹೇಳಲಿಲ್ಲ, ತಲೆ ಬಗ್ಗಿಸಿ ಕೂರುತ್ತಿದ್ದಳು. ಒತ್ತಡ ಇಳಿಸಲು ಮಾಡಿದ್ದು ಅವಳಿಗೆ ಇನ್ನೊಂದು ಒತ್ತಡ ಆಯಿತು. ಒಬ್ಬ ಲೆಕ್ಚರರಿಗೆ ಹೇಳಿದೆ. ಮರುದಿನವೇ ಆಡಿಯೋ ನಿಂತಿತು. ಈಗ ಬರೀ ಮೌನ. ಮಗಳು ಖುಷಿಯಿಂದ ಕೂರುತ್ತಾಳೆ. ಉಸಿರಿಗೆ ಜಾತಿ ಧರ್ಮ ಇಲ್ಲವಲ್ಲ. ಮೇಡಂ, ನೀವೂ ಹಾಗೇ ಇಡಿ.

ಕೆಮಿಸ್ಟ್ರಿ_ಮೇಡಂ

ಖಂಡಿತ ಸರ್. ನಮ್ಮಲ್ಲಿ ಆಡಿಯೋ, ಮಂತ್ರ ಏನೂ ಇಲ್ಲ. ಎಲ್ಲ ಸೆಕ್ಷನ್ನಿಗೂ ಬಂದರೆ ಯಾರಾದರೂ ಸೇರಿಸಬಹುದು. ಇದನ್ನು ಬರೆದಿಟ್ಟುಕೊಂಡೆ.

ದಾವಣಗೆರೆ ಅಮ್ಮನವರಿಗೆ: ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ನಿದ್ದೆ ಮಾಡಮ್ಮ ಎಂದು ಹೇಳಿದ್ದೆ, ಅಷ್ಟೇ. ನಿಮ್ಮ ಬರಹ ಓದಿ ಎರಡು ದಿನ ಅದೇ ಯೋಚನೆ. ನಿನ್ನೆ ಅವಳನ್ನು ಕರೆದು ಮಾತಾಡಿದೆ. ಬೆಳಗಿನ ಟ್ಯೂಷನ್ ಎರಡಿತ್ತು, ಅದರಲ್ಲಿ ಕೆಮಿಸ್ಟ್ರಿಯೂ ಒಂದು. ಅದನ್ನು ಬಿಡು, ಸಂಜೆ ಕಾಲೇಜು ಬಿಟ್ಟ ಮೇಲೆ ಅರ್ಧ ಗಂಟೆ ನನ್ನ ಹತ್ತಿರ ಬಾ ಎಂದೆ. ಪಾಠ ಕನ್ನಡದಲ್ಲಿ ಹೇಳುತ್ತೇನೆ, ಪದ ಇಂಗ್ಲಿಷಿನಲ್ಲಿ ಬರೆಯೋಣ. ಅವಳ ಅಪ್ಪನಿಗೂ ಫೋನ್ ಮಾಡಿದೆ. ಮೊದಲು ಒಪ್ಪಲಿಲ್ಲ. ಮಗಳ ಕೈ ನಡುಗುವ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಆಯ್ತು ಮೇಡಂ, ನೀವು ಹೇಳಿದಂಗೆ ಆಗ್ಲಿ" ಎಂದರು.

ಹಾಸ್ಟೆಲ್_ವಾರ್ಡನ್

ನಾನು ಹುಡುಗರ ಹಾಸ್ಟೆಲ್ಲಿನ ವಾರ್ಡನ್. ಇಲ್ಲಿ ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ.

ಹೋದ ವರ್ಷ ಪ್ರಿಪರೇಟರಿ ಪರೀಕ್ಷೆ ಸಮಯ. ರಾತ್ರಿ ಹತ್ತೂವರೆಗೆ ರೌಂಡ್ಸ್ ಹೋಗಿದ್ದೆ. ಒಬ್ಬ ಹುಡುಗ ಬಟ್ಟೆ ಒಣಗಿಸುವ ಕಡೆ ಒಬ್ಬನೇ ಕೂತಿದ್ದ. ಧ್ಯಾನ ಮಾಡುತ್ತಿದ್ದಾನೆ ಎಂದುಕೊಂಡೆ, ಯಾಕೆಂದರೆ ನಮ್ಮಲ್ಲಿ ಕಲಿಸಿದ್ದೆವು. ತೊಂದರೆ ಕೊಡಬಾರದು ಅಂತ ಮುಂದೆ ಹೋದೆ. ಏನೋ ಅನ್ನಿಸಿ ವಾಪಸ್ ಬಂದು ಪಕ್ಕದಲ್ಲಿ ಕೂತೆ. ತುಂಬಾ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ "ಸರ್, ಬದುಕೇ ಸಾಕು ಅನ್ನಿಸ್ತಿದೆ" ಅಂದ.

ನನಗೆ ಕೈಕಾಲು ಆಡಲಿಲ್ಲ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಅದೊಂದು ದೇವರು ಮಾಡಿಸಿದ್ದು. ನೋಟಿಸ್ ಬೋರ್ಡಿನಲ್ಲಿ 14416 ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಅಂಟಿಸಿದ್ದು ನೆನಪಾಯಿತು. ಅವನ ಎದುರಿಗೇ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಮೊದಲು ನನ್ನ ಜೊತೆ, ಆಮೇಲೆ ಅವನ ಜೊತೆ. ಆ ರಾತ್ರಿ ಅವನು ನನ್ನ ರೂಮಿನಲ್ಲೇ ಮಲಗಿದ. ಬೆಳಗ್ಗೆ ಅಪ್ಪ ಅಮ್ಮನನ್ನು ಕರೆಸಿದೆವು, ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅವನು ಪರೀಕ್ಷೆ ಎರಡನೇ ಸಲಕ್ಕೆ ಬರೆದ, ಪಾಸಾದ.

ಸುಮ್ಮನೆ ಕೂತ ಹುಡುಗನೆಲ್ಲ ಶಾಂತವಾಗಿದ್ದಾನೆ ಎಂದುಕೊಳ್ಳಬೇಡಿ. ಅಷ್ಟು ಹೇಳಬೇಕಿತ್ತು.

ಮೈಸೂರಿನ_ಸಮಾಲೋಚಕಿ

ವಾರ್ಡನ್ ಸರ್, ನೀವು ವಾಪಸ್ ಬಂದು ಕೂತಿರಲ್ಲ, ಅದೇ ಆ ಹುಡುಗನನ್ನು ಉಳಿಸಿತು. ಓದುತ್ತ ಕಣ್ಣು ಒದ್ದೆಯಾಯಿತು.

ಉಳಿದವರಿಗೂ ಹೇಳುತ್ತೇನೆ. ನೇರವಾಗಿ ಕೇಳಲು ಹೆದರಬೇಡಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ. ಟೆಲಿ ಮಾನಸ್ 2022ರ ಅಕ್ಟೋಬರಿನಿಂದ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ. ಮಕ್ಕಳೇ ಮಾಡಬಹುದು, ದೊಡ್ಡವರೂ ಮಾಡಬಹುದು.

ಇದು ಅಲ್ಲೊಂದು ಇಲ್ಲೊಂದು ನಡೆಯುವ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಅದಕ್ಕೇ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕು. ಕೆಮಿಸ್ಟ್ರಿ ಮೇಡಂ, ಪ್ರಿನ್ಸಿಪಾಲರ ಮುಂದೆ ಮೊದಲು ಇದನ್ನು ಇಡಿ. ಐದು ನಿಮಿಷದ ಅಭ್ಯಾಸದಲ್ಲಿ ಯಾವ ಮಗುವಿಗೆ ಏನು ಮೇಲೆದ್ದು ಬರುತ್ತದೋ ಗೊತ್ತಿಲ್ಲ. ಬಂದಾಗ ಹೋಗಿ ಕೂರಲು ಒಂದು ಕೋಣೆ, ಕೇಳಲು ಒಬ್ಬ ಮನುಷ್ಯ ಬೇಕು.

ದಾವಣಗೆರೆ_ಅಮ್ಮ

ವಾರ್ಡನ್ ಸರ್, ನಿಮ್ಮಂಥವರು ನನ್ನ ಮಗನ ಹಾಸ್ಟೆಲ್ಲಿನಲ್ಲಿ ಇರಬೇಕಿತ್ತು. ಕೆಮಿಸ್ಟ್ರಿ ಮೇಡಂ, ಆ ಹುಡುಗಿಗೆ ಮಾಡಿದ್ದು ಕೇಳಿ ಹೊಟ್ಟೆ ತಣ್ಣಗಾಯಿತು.

ಕೆಮಿಸ್ಟ್ರಿ_ಮೇಡಂ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮೆಲ್ಲರ ಮಾತು ಒಂದು ಹಾಳೆಯಲ್ಲಿ ಬರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದೆ. ಇಂಗ್ಲೆಂಡಿನ ಅಧ್ಯಯನ ಹೇಳಿದಾಗ "ಹೌದಾ?" ಎಂದು ಕನ್ನಡಕ ತೆಗೆದಿಟ್ಟು ಕೇಳಿದರು. ವಾರ್ಡನ್ ಸರ್ ಬರೆದಿದ್ದನ್ನು ಪೂರ್ತಿ ಓದಿ ಹೇಳಿದೆ. ಇಪ್ಪತ್ತು ನಿಮಿಷ ಹೋಗಿ ಐದಾಯಿತು. ಅಟೆಂಡೆನ್ಸ್ ಇಲ್ಲ. ಆಡಿಯೋ ಇಲ್ಲ. ಬೇಡ ಅನ್ನುವವರು ಲೈಬ್ರರಿಗೆ ಹೋಗಬಹುದು. ಬೆಳಗ್ಗೆ ಏಳೂವರೆಯ ಸ್ಪೆಷಲ್ ಕ್ಲಾಸ್ ನಿಲ್ಲಿಸಿ ಎಂದೂ ಕೇಳಿದೆ. ಅದಕ್ಕೆ ಒಪ್ಪಲಿಲ್ಲ. ಪೋಷಕರೇ ಕೇಳುತ್ತಾರೆ ಎಂದರು. ಮುಂದಿನ ಪೋಷಕರ ಸಭೆಯಲ್ಲಿ ಮತ್ತೆ ಎತ್ತುತ್ತೇನೆ, ಬಿಡುವುದಿಲ್ಲ.

ಸಮಾಲೋಚಕರ ನೇಮಕಕ್ಕೆ ಆಡಳಿತ ಮಂಡಳಿಗೆ ಪತ್ರ ಹೋಗಿದೆ. ಅಲ್ಲಿಯವರೆಗೆ ಜಿಲ್ಲಾ ಕೇಂದ್ರದಿಂದ ಒಬ್ಬರು ಗುರುವಾರ ಗುರುವಾರ ಬರಲು ಒಪ್ಪಿದ್ದಾರೆ. ಸ್ಟಾಫ್ ರೂಮಿನ ಪಕ್ಕ ಹಳೇ ರೆಕಾರ್ಡು ತುಂಬಿದ ಸಣ್ಣ ಕೋಣೆ ಇತ್ತು. ಅಟೆಂಡರ್ ಮತ್ತು ನಾನು ಸೇರಿ ಖಾಲಿ ಮಾಡಿ, ಎರಡು ಕುರ್ಚಿ ಹಾಕಿದ್ದೇವೆ. ಬಾಗಿಲಿಗೆ ಕರ್ಟನ್ ಬೇಕು, ನಾಳೆ ತರುತ್ತೇನೆ.

ಜನವರಿಯಲ್ಲಿ ಹೊರಗೆ ಓಡಿದ್ದ ನನ್ನ ಕ್ಲಾಸಿನ ಆ ಹುಡುಗನಿಗೆ ಕ್ಷಮೆ ಕೇಳಿದೆ. "ಬಿಡಿ ಮೇಡಂ" ಎಂದ. ಈಗ ಐದು ನಿಮಿಷ ಶುರುವಾದಾಗ ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಕೂರುತ್ತಾನೆ, ಕಣ್ಣು ತೆರೆದೇ. ಹೊರಗೊಂದು ಹೊಂಗೆ ಮರ ಇದೆ. ಮೊನ್ನೆ ಬೆಲ್ಲಾದ ಮೇಲೆ ನನ್ನ ಟೇಬಲ್ ಹತ್ತಿರ ಬಂದ. ಕಾಂಪೌಂಡಿನ ಕಡೆಯ ಕೊಂಬೆಯಲ್ಲಿ ಅಳಿಲು ಗೂಡು ಕಟ್ಟುತ್ತಿದೆಯಂತೆ. ನಾರು ಎಲ್ಲಿಂದ ತರುತ್ತದೆ, ಎಷ್ಟು ಸಲ ಹೋಗಿ ಬಂತು, ಎಲ್ಲ ಹೇಳಿದ. ಹುಡುಗಿಯರ ಸೈಕಲ್ ಸೀಟಿನ ಹರಿದ ಕವರಿನಿಂದ ಕಿತ್ತು ತರುತ್ತದಂತೆ.

ಗುರುವಾರ ಮೊದಲ ದಿನ. ಹೇಗಾಯಿತು ಎಂದು ಬರೆಯುತ್ತೇನೆ.